ಒಂದು ದಾಟು ದೂರ

ಸಮುದ್ರದಲ್ಲಿ ಟವರ್ ನೆಡಲಿಕ್ಕೆ ಬರುವುದಿಲ್ಲ. ಇಷ್ಟು ತಿಳಿಯಲಿಕ್ಕೆ ಸರಕಾರಕ್ಕೆ ಸಮಿತಿಯ ಮೇಲೆ ಸಮಿತಿ ಬೇಕಾಯಿತು. ಕಡೆಕೋಡಿ ಬಂದರಿನ ಸುಪ್ರಭಾಳಿಗೆ ಅದು ಚಿಕ್ಕಂದಿನಿಂದಲೇ ಗೊತ್ತಿತ್ತು. ಅಪ್ಪನ ಬೋಟು ಕಣ್ಣಿಗೆ ಮರೆಯಾದ ಸ್ವಲ್ಪ ಹೊತ್ತಿಗೆ ಅಪ್ಪನ ಫೋನೂ ಸಾಯುತ್ತಿತ್ತು. ದಡ ಬಿಟ್ಟು ಹತ್ತು ಮೈಲಿ ಹೋದರೆ ಫೋನು ಬರೀ ಟಾರ್ಚು. ಇನ್ನು ಉಪಗ್ರಹದ ಫೋನಿಗೆ ಪರವಾನಗಿ ಪಡೆಯುವುದೋ, ಅದಕ್ಕಿಂತ ತಿಮಿಂಗಿಲವನ್ನು ಕಟ್ಟಿಹಾಕಿ ಹಾಲು ಕರೆಯುವುದು ಸುಲಭ. ಹಾಗಾದರೆ ಟವರ್ ಬೇಡ, ಬೋಟುಗಳೇ ಟವರ್ ಆದರೆ ಏನಾದೀತು? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಸುಪ್ರಭಾ ಎಂಜಿನಿಯರ್ ಆದಳು, ಆಮೇಲೆ ಅದೇ ಬಂದರಿಗೆ ವಾಪಸು ಬಂದಳು.

ಉತ್ತರ ಅವಳಿಗೆ ಹೊಳೆದದ್ದು ದಕ್ಕೆಯಲ್ಲಿ. ದಕ್ಕೆ ಎಂದರೆ ಬೋಟು ಕಟ್ಟುವ ಕಟ್ಟೆ. ಕಟ್ಟೆ ಗಿಡ್ಡ, ಬೋಟುಗಳು ನೂರಾರು. ಹಾಗಾಗಿ ಒಂದಕ್ಕೊಂದು ಹಗ್ಗ ಬಿಗಿದು ಸಾಲಾಗಿ ನಿಲ್ಲಿಸುತ್ತಾರೆ. ಕೊನೆಯ ಬೋಟಿನವನು ತನ್ನ ಬೋಟು ಹತ್ತಬೇಕಾದರೆ ನಡುವಿನ ಅಷ್ಟೂ ಬೋಟುಗಳ ಮೇಲೆ ಹಾದು ಹೋಗಬೇಕು. ನಡುವಿನ ಬೋಟು ಕೋರ್ಟಿನಲ್ಲಿ ಕೇಸು ನಡೆಯುತ್ತಿರುವ ದಾಯಾದಿಯದೇ ಆಗಿರಲಿ, ದಾಟಬೇಡ ಎಂದವನು ಆ ಬಂದರಿನಲ್ಲಿ ಇನ್ನೂ ಹುಟ್ಟಿಲ್ಲ. ಐಸು ಹೊತ್ತು ಬಂದವನನ್ನು ಕೈಹಿಡಿದು ದಾಟಿಸುತ್ತಾರೆ; ಬೈಯುತ್ತಾರೆ, ಆದರೂ ದಾಟಿಸುತ್ತಾರೆ. ಮನುಷ್ಯ ಹೀಗೆ ದಾಟುವುದಾದರೆ ಮಾತು ಯಾಕೆ ದಾಟಬಾರದು?

ಹೀಗೆ ಹುಟ್ಟಿದ್ದು ದಾಟುಪೆಟ್ಟಿಗೆ. ನೋಡಲಿಕ್ಕೆ ಊಟದ ಕ್ಯಾರಿಯರ್‌ನಷ್ಟು ದೊಡ್ಡದು, ತಲೆಯ ಮೇಲೊಂದು ಕಡ್ಡಿ. ಹತ್ತು ಹನ್ನೆರಡು ಮೈಲಿಯೊಳಗೆ ಇನ್ನೊಂದು ಬೋಟಿದ್ದರೆ ಇದು ಅದರ ಪೆಟ್ಟಿಗೆಗೆ ಮಾತು ಕೊಡುತ್ತದೆ, ಅದು ಮುಂದಿನದಕ್ಕೆ, ಹೀಗೆ ಬೋಟಿನಿಂದ ಬೋಟಿಗೆ ಹಾರಿ ಮಾತು ದಡ ಸೇರುತ್ತದೆ. ಕೇಳಲು ಸರಳ. ಮಾಡಲು ಹೋದಾಗ ಅವಳ ತಲೆಕೂದಲು ಅರ್ಧ ಉದುರಿತು. ಟವರ್ ಇದ್ದಲ್ಲೇ ಇರುತ್ತದೆ, ಬೋಟು ಇರುತ್ತದೆಯೇ? ಈಗ ಇದ್ದ ದಾರಿ ಇನ್ನೊಂದು ಗಳಿಗೆಗೆ ಇರುವುದಿಲ್ಲ. ಎಲ್ಲ ಪೆಟ್ಟಿಗೆಗಳೂ ಎಲ್ಲರಿಗೂ ಕೂಗಿ ಹೇಳಿದರೆ ಹರಾಜಿನ ಗಲಾಟೆಯಂತಾಗಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಬ್ಯಾಟರಿಯೂ ಉಳಿಯುವುದಿಲ್ಲ. ಅದಕ್ಕೆ ಅವಳು ಒಂದು ಉಪಾಯ ಮಾಡಿದಳು. ಪ್ರತಿ ಪೆಟ್ಟಿಗೆಯೂ ಆಗಾಗ "ನಾನು ದಡದಿಂದ ಇಷ್ಟು ದಾಟು ದೂರ" ಎಂದು ಸಾರುತ್ತದೆ. ಮಾತು ಕಳಿಸುವ ಪೆಟ್ಟಿಗೆ ಸುತ್ತಲಿನವುಗಳಲ್ಲಿ ಯಾವುದು ದಡಕ್ಕೆ ಹತ್ತಿರವೋ ಅದೊಂದಕ್ಕೇ ಕೊಡುತ್ತದೆ. ತೆಗೆದುಕೊಂಡ ಪೆಟ್ಟಿಗೆ "ಬಂತು" ಎಂದರೆ ಕೊಟ್ಟ ಪೆಟ್ಟಿಗೆಯಲ್ಲಿ ಹಸಿರು ದೀಪ ಹೊತ್ತಿಕೊಳ್ಳುತ್ತದೆ.

ಸಲಹೆಗೆಂದು ಬಂದಿದ್ದ ಪ್ರೊಫೆಸರರು ಒಂದೇ ಪ್ರಶ್ನೆ ಕೇಳಿದ್ದರು. ದೂರವಿರುವ ಪೆಟ್ಟಿಗೆಯೊಂದು "ನಾನು ದಡಕ್ಕೆ ಒಂದೇ ದಾಟು" ಎಂದು ಸುಳ್ಳು ಸಾರಿದರೆ? ಸುತ್ತಲಿನ ಮಾತೆಲ್ಲ ಅದರ ಹೊಟ್ಟೆಗೇ ಹೋಗುತ್ತದಲ್ಲ? ಹೇಳಿದ್ದು ನಿಜವೋ ಎಂದು ಪರೀಕ್ಷಿಸುವ ಏರ್ಪಾಡು ಇರಬೇಕು ಎಂದರು. ಅದಕ್ಕೆ ಬ್ಯಾಟರಿ ಬೇಕು, ಮಾತೂ ನಿಧಾನವಾಗುತ್ತದೆ. ಸುಪ್ರಭಾ ನಕ್ಕುಬಿಟ್ಟಳು. ಮೀನೆಲ್ಲಿ ಸಿಕ್ಕಿತು ಎಂದು ಕೇಳಿದರೆ ನಮ್ಮವರು ಹೆತ್ತ ತಾಯಿಗೂ ಸುಳ್ಳು ಹೇಳುತ್ತಾರೆ ಸರ್, ಆದರೆ ದಾಟುವ ವಿಷಯದಲ್ಲಿ ಹೇಳುವುದಿಲ್ಲ ಎಂದಳು. ಏರ್ಪಾಡು ಕೈಬಿಟ್ಟಳು. ಮೀನಿನ ಮಾತಿಗೆ ಮಾತ್ರ ಬೀಗ ಹಾಕಿದಳು. ಯಾರಿಗೆ ಕಳಿಸಿದ್ದೋ ಅವರ ಪೆಟ್ಟಿಗೆ ಮಾತ್ರ ಅದನ್ನು ಬಿಚ್ಚಬೇಕು, ಹೊತ್ತು ದಾಟಿಸಿದವರಿಗೆ ಕಾಣಬಾರದು. ಆ ಬೀಗ ಕಂಡ ಮೇಲೆಯೇ ತಾಂಡೇಲರು, ಅಂದರೆ ಬೋಟು ನಡೆಸುವವರು, ಪೆಟ್ಟಿಗೆ ಕಟ್ಟಿಸಿಕೊಳ್ಳಲು ಒಪ್ಪಿದ್ದು.

ಎರಡು ವರ್ಷ ಎಲ್ಲ ಸುಸೂತ್ರ ನಡೆಯಿತು. ಐಸ್ ಪ್ಲಾಂಟಿನ ಮೇಲಿನ ಕೋಣೆಯಲ್ಲಿ ದೊಡ್ಡ ಪರದೆ ಇಟ್ಟುಕೊಂಡು ಸುಪ್ರಭಾ ಕೂತರೆ ಇಡೀ ಕಡಲು ಅವಳೆದುರು ಪಿಸುಗುಟ್ಟುತ್ತಿತ್ತು. ಹೆರಿಗೆಯ ಸುದ್ದಿ ಬೋಟಿಗೆ ಹೋಗುತ್ತಿತ್ತು, ಎಂಜಿನ್ ಕೆಟ್ಟ ಸುದ್ದಿ ದಡಕ್ಕೆ ಬರುತ್ತಿತ್ತು. ಆದರೆ ಈ ಸಲದ ಋತುವಿನಲ್ಲಿ ಏನೋ ಕೆಟ್ಟಿತು. ಮಾತುಗಳು ತಡವಾಗತೊಡಗಿದವು, ಬೆಳಿಗ್ಗೆ ಕಳಿಸಿದ್ದು ಸಂಜೆಗೆ ಬರುತ್ತಿತ್ತು. ಅವಳು ಒಂದೊಂದೇ ಪೆಟ್ಟಿಗೆ ಬಿಚ್ಚಿ ತಂತಿ ಬೆಸೆದಳು, ರಬ್ಬರು ಬದಲಿಸಿದಳು, ತನ್ನನ್ನು ತಾನೇ ಶಪಿಸಿಕೊಂಡಳು. ಮನೆಗೆ ಬಂದು ತಲೆ ಹಿಡಿದು ಕೂತಾಗ ಗಂಡ ಯೋಗೀಶ ಚಾ ಮಾಡಿ ಕೊಡುತ್ತಿದ್ದ. ಅವನೂ ತಾಂಡೇಲನೇ, ಸ್ವಂತ ಬೋಟಿನವನು. ಉಪ್ಪುಗಾಳಿಗೆ ಕಬ್ಬಿಣವೇ ಕರಗುತ್ತದೆ, ನಿನ್ನ ಪೆಟ್ಟಿಗೆ ಯಾವ ಲೆಕ್ಕ ಎಂದು ಸಮಾಧಾನ ಮಾಡುತ್ತಿದ್ದ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದುಕೊಳ್ಳುತ್ತಿದ್ದಳು ನಮ್ಮ ಸುಪ್ರಭಾ.

ಆ ಯೋಗೀಶನ ಬೋಟೇ ಕಾಣೆಯಾಯಿತು.

ಒಂದು ಸಂಜೆ ಅವನಿಂದ ಬರಬೇಕಾದ ಮಾತು ಬರಲಿಲ್ಲ. ಮರುದಿನ ಬೆಳಿಗ್ಗೆಯೂ ಇಲ್ಲ. ಪರದೆಯ ಪಟ್ಟಿಯಲ್ಲಿ ಅವನ ಬೋಟಿನ ಹೆಸರಿನ ಎದುರು ಬೋಳು. ಬೋಟಿನಲ್ಲಿ ಏಳು ಜನ. ಹೊರಡುವಾಗ ಬಡಗು ದಿಕ್ಕಿಗೆ ಹೋಗುತ್ತೇವೆ ಎಂದಿದ್ದರು. ಎಲ್ಲ ತಾಂಡೇಲರೂ ಹೇಳುವಂತೆ ಹೇಳಿದ್ದರು, ಹೋದದ್ದು ಎಲ್ಲಿಗೋ.

ಆ ಮಧ್ಯಾಹ್ನ ಅವಳ ಅಣ್ಣ ಕರುಣಾಕರ ಮನೆಗೆ ಬಂದ. ಅವನ ಬೋಟು ಬೆಳಿಗ್ಗೆಯಷ್ಟೇ ಹೊಟ್ಟೆತುಂಬ ಬಂಗುಡೆ ಮೀನು ತುಂಬಿಸಿಕೊಂಡು ದಡ ಮುಟ್ಟಿತ್ತು. ಅಪ್ಪ ಸತ್ತ ಮೇಲೆ ಸುಪ್ರಭಾಳ ಕಾಲೇಜಿನ ಶುಲ್ಕ ಕಟ್ಟಿದವನು, ಮದುವೆಯಲ್ಲಿ ಧಾರೆಯೆರೆದು ಕೊಟ್ಟವನು ಅವನೇ. ಅವನ ಮುಖ ಕಂಡದ್ದೇ ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಕಡಲಿನಿಂದ ಹಸಿದು ಬಂದಿದ್ದಾನೆಂದು ಅಳುತ್ತಲೇ ಎಲೆ ಹಾಕಿದಳು. ಅವನು ತಲೆಯೆತ್ತದೆ ಉಂಡ, ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಕೈ ತೊಳೆದು ಬಂದು ಅವಳ ತಲೆ ಮುಟ್ಟಿ, "ಹೆದರ್‍ಬೇಡ ಹೆಣೆ. ಭಾವನಿಗೆ ಎಂತದೂ ಆಪುದಿಲ್ಲೆ" ಅಂದ. ಆ ಮಾತಿನಲ್ಲಿ ಎಷ್ಟು ಧೈರ್ಯವಿತ್ತೆಂದರೆ ಅವಳಿಗೆ ಆಗ ಸ್ವಲ್ಪ ಉಸಿರು ಬಂತು.

ಹುಡುಕಲು ಹೊರಟ ಬೋಟುಗಳೆಲ್ಲ ಬಡಗು ದಿಕ್ಕಿಗೆ ಹೋದವು. ಕರುಣಾಕರನೂ ಅವುಗಳ ಜೊತೆ ಹೋದ. ರಾತ್ರಿಯಿಡೀ ಜಾಲಾಡಿದರೂ ಒಂದು ಹಲಗೆಯೂ ಸಿಗಲಿಲ್ಲ. ಮೂರನೆಯ ದಿನ ಬೆಳಗಾಗುವಾಗ ಅವನು ಎಂಜಿನ್ ನಿಲ್ಲಿಸಿ, ಯಾಕೋ ನನ್ನ ಮನಸ್ಸು ತೆಂಕು ಪಡುವಲಿಗೆ ಎಳೆಯುತ್ತಿದೆ, ಅಲ್ಲಿ ನೋಡೋಣ ಎಂದನಂತೆ. ಹಳೆಯ ತಾಂಡೇಲನ ಮನಸ್ಸು, ಕಡಲಿನ ಮರ್ಮ ಬಲ್ಲದ್ದು ಎಂದು ಎಲ್ಲರೂ ತಿರುಗಿಸಿದರು. ನೆಟ್ಟಗೆ ಹೋಗಿ ಮುಟ್ಟಿದರು. ಮಗುಚಿದ ಬೋಟಿನ ಬೆನ್ನು ಹಿಡಿದು ಆರು ಜನ ಜೋತಾಡುತ್ತಿದ್ದರು, ಯೋಗೀಶನೂ ಇದ್ದ. ಏಳನೆಯವನು ತಿಲಕ, ಮೀನು ಮಾರುವ ಲಚ್ಚಕ್ಕನ ಒಬ್ಬನೇ ಮಗ. ಅವನು ಬೆಳಗಿನ ಜಾವದವರೆಗೂ ಹಿಡಿದುಕೊಂಡಿದ್ದು, ಬೆಳಕು ಹರಿಯುವ ಹೊತ್ತಿಗೆ ಕೈ ಸೋತು ಜಾರಿಹೋಗಿದ್ದ.

ಊರು ಕರುಣಾಕರನನ್ನು ಹೊತ್ತು ಮೆರೆಸಿತು. ಸಂಘದವರು ಶಾಲು ಹೊದೆಸುವುದೆಂದು ನಿಶ್ಚಯ ಮಾಡಿದರು. ಇತ್ತ ದಾಟುಪೆಟ್ಟಿಗೆಗೆ ಉಗಿಯದವರಿಲ್ಲ. ಜೀವ ಹೋಗುವಾಗ ಬಾಯಿ ಬಿಡದ ಪೆಟ್ಟಿಗೆ ಯಾಕೆ, ಉಪ್ಪಿನಕಾಯಿ ಹಾಕಲಿಕ್ಕಾ ಎಂದು ಕೇಳಿದರು. ಒಬ್ಬೊಬ್ಬರಾಗಿ ಕಿತ್ತು ತಂದು ಹರಾಜಿನ ಕಟ್ಟೆಯ ಮೇಲೆ ಒಟ್ಟಿದರು. ಸುಪ್ರಭಾ ತಲೆ ತಗ್ಗಿಸಿದಳು. ಉಣ್ಣಲು ಕೂತರೆ ಲಚ್ಚಕ್ಕನ ಮುಖ ಕಣ್ಣಿಗೆ ಬಂದು ತುತ್ತು ಇಳಿಯುತ್ತಿರಲಿಲ್ಲ. ತಾನೇ ಆ ಹುಡುಗನನ್ನು ಕೊಂದಂತೆ ಅನಿಸುತ್ತಿತ್ತು.

ಬದುಕಿ ಬಂದವರನ್ನು ಆಸ್ಪತ್ರೆಯಲ್ಲಿ ನೋಡಲು ಹೋದಾಗ ಒಬ್ಬ ಕಲಾಸಿ, ಬೋಟಿನ ಆಳು, ಒಂದು ಮಾತು ಹೇಳಿದ. ಬೋಟು ವಾಲಿದಾಗ ತಿಲಕನೇ ಪೆಟ್ಟಿಗೆಯ ಆಪತ್ತಿನ ಕೆಂಪು ಗುಂಡಿ ಒತ್ತಿದ್ದು, ಒತ್ತಿದ ಕೂಡಲೇ ಹಸಿರು ದೀಪ ಹೊತ್ತಿತ್ತು ಎಂದ. "ಕಡೆವರೆಗೂ ಅದನ್ನೇ ಹೇಳ್ತಿದ್ದ ಅಕ್ಕ. ಹಸಿರು ಹೊತ್ತಿತ್ತಲೆ, ಬತ್ರ್, ಯಾರಾರೂ ಬತ್ರ್ ಅಂತ."

ಹಸಿರು ಹೊತ್ತಿದ್ದರೆ ಪೆಟ್ಟಿಗೆ ಕೆಟ್ಟಿರಲಿಲ್ಲ. ಇನ್ಯಾವುದೋ ಪೆಟ್ಟಿಗೆ ಆ ಕೂಗನ್ನು ತೆಗೆದುಕೊಂಡು "ಬಂತು" ಎಂದಿತ್ತು. ಕೂಗು ಅಲ್ಲಿಂದ ಮುಂದೆ ಹೋಗಲಿಲ್ಲ, ಅಷ್ಟೇ.

ಮಗುಚಿದ ಬೋಟನ್ನು ಎಳೆದು ತಂದಿದ್ದರು. ಅದರ ಪೆಟ್ಟಿಗೆಯನ್ನು ಐಸ್ ಪ್ಲಾಂಟಿನ ಕೋಣೆಗೆ ಒಯ್ದು ಒರೆಸಿ ಒಣಗಿಸಿ ವಿದ್ಯುತ್ ಕೊಟ್ಟಳು. ಒಳಗೆ ಒಂದು ಹನಿ ನೀರು ಹೋಗಿರಲಿಲ್ಲ. ಕೊನೆಯ ಮಾತು ಯಾರಿಗೆ ಕೊಟ್ಟೆ ಎಂದು ಕೇಳಿದ್ದಕ್ಕೆ ಅದು ನಲವತ್ತೊಂದನೆಯ ಪೆಟ್ಟಿಗೆ ಎಂದಿತು. ತಾನು ದಡಕ್ಕೆ ಒಂದೇ ದಾಟು ಎಂದು ಸಾರುತ್ತಿದ್ದದ್ದು ಅದೇ. ದಡದಿಂದ ಅರವತ್ತು ಮೈಲಿ ಹೊರಗೆ, ಒಂದೇ ದಾಟು!

ನಲವತ್ತೊಂದು ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪರೀಕ್ಷೆಗೆಂದು ತಾನೇ ಮಾಡಿಟ್ಟುಕೊಂಡದ್ದು. ಮಾತುಗಳು ಮುರಿಯದೆ ಬರುತ್ತವೆಯೇ ಎಂದು ನೋಡಲು ಅದೊಂದರಿಂದ ಎಲ್ಲ ಬೀಗವನ್ನೂ ತೆಗೆಯಬಹುದಿತ್ತು, ಎಷ್ಟು ದಾಟು ದೂರ ಎಂಬುದನ್ನು ಕೈಯಿಂದಲೇ ಬದಲಿಸಬಹುದಿತ್ತು, ಬಂದ ಮಾತನ್ನು ತಾವಾಗಿ ಮುಂದೆ ಬಿಡುವವರೆಗೆ ತಡೆದು ಇಟ್ಟುಕೊಳ್ಳಬಹುದಿತ್ತು. ಮಳೆಗಾಲದ ರಜೆ ಮುಗಿದ ಹೊಸತರಲ್ಲಿ ಯೋಗೀಶ ಅದನ್ನು ಕೇಳಿದ್ದ. ಆಳ ನೀರಿನಲ್ಲಿ ಹೇಗೆ ನಡೆಯುತ್ತದೆಂದು ನಾನೇ ಪರೀಕ್ಷಿಸಿ ಹೇಳುತ್ತೇನೆ ಎಂದಿದ್ದ. ಗಂಡ ತನ್ನ ಕೆಲಸದಲ್ಲಿ ಆಸಕ್ತಿ ತೋರಿಸಿದನಲ್ಲ ಎಂದು ಉಬ್ಬಿಹೋಗಿ, ಹೇಗೆ ಬಳಸುವುದೆಂದು ಕೂರಿಸಿಕೊಂಡು ಕಲಿಸಿಯೂ ಕೊಟ್ಟಿದ್ದಳು. ಆದರೆ ಅದು ಅವನ ಬೋಟಿನಲ್ಲಿರಲಿಲ್ಲ. ಮತ್ತೆ ಎಲ್ಲಿ?

ಅಂಗೈಯಷ್ಟು ದೊಡ್ಡ ಯಂತ್ರ ಹಿಡಿದು ದಕ್ಕೆಗೆ ಇಳಿದಳು. ಎಲ್ಲರೂ ಪೆಟ್ಟಿಗೆ ಕಿತ್ತೆಸೆದಿದ್ದರಿಂದ ಬಂದರು ಮೌನವಾಗಿತ್ತು. ಒಂದೇ ಒಂದು ಪೆಟ್ಟಿಗೆ ಇನ್ನೂ ಸಾರುತ್ತಿತ್ತು, ಒಂದು ದಾಟು, ಒಂದು ದಾಟು. ಆ ದನಿ ಬಲವಾದ ಕಡೆಗೆ ಬೋಟಿನಿಂದ ಬೋಟಿಗೆ ದಾಟುತ್ತ ಹೋದಳು. ಬಲೆ ಹೊಲಿಯುತ್ತಿದ್ದವರು ಅವಳ ಮೇಲೆ ಸಿಟ್ಟಿದ್ದರೂ ಬಲೆ ಸರಿಸಿ ದಾರಿ ಬಿಟ್ಟರು. ಯಂತ್ರ ಅವಳನ್ನು ಅಣ್ಣನ ಬೋಟಿನಲ್ಲಿ ತಂದು ನಿಲ್ಲಿಸಿತು. ಚುಕ್ಕಾಣಿಯ ಕೋಣೆಯಲ್ಲಿ, ಅಪ್ಪನ ಫೋಟೋದ ಕೆಳಗೆ, ಹಳೆ ಲುಂಗಿ ಸುತ್ತಿಟ್ಟಿದ್ದ ಪೆಟ್ಟಿಗೆ ಸಿಕ್ಕಿತು. ಒಳಗೆ ಊರಿನವರ ಮೀನಿನ ಮಾತುಗಳೆಲ್ಲ ಬೀಗ ಒಡೆದು ಬಿದ್ದಿದ್ದವು. ಅವುಗಳ ನಡುವೆ ಸಿಕ್ಕಿಕೊಂಡಿತ್ತು ತಿಲಕ ಒತ್ತಿದ ಕೂಗು, ಬೋಟು ಇರುವ ಜಾಗದ ಸಮೇತ. ಅದನ್ನು ತೆರೆದು ಓದಿಯಾಗಿತ್ತು, ಮರುದಿನ ಮಧ್ಯಾಹ್ನ, ಬೋಟು ದಡ ಮುಟ್ಟಿ ಮೀನು ಇಳಿಸಿದ ಮೇಲೆ.

ಅಂದರೆ ಅದನ್ನು ಓದಿಯೇ ಅವನು ಊಟಕ್ಕೆ ಬಂದಿದ್ದ.

ಸುಪ್ರಭಾ ಪೆಟ್ಟಿಗೆಯನ್ನು ಲುಂಗಿಯ ಸಮೇತ ಎತ್ತಿಕೊಂಡಳು. ಅಣ್ಣನಿಗೆ ಮನಸ್ಸು ಎಳೆದದ್ದಲ್ಲ, ಎಲ್ಲಿದ್ದಾರೆಂದು ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಬಾಯಿಬಿಟ್ಟರೆ ಆ ಕೂಗು ನಿನ್ನ ಪೆಟ್ಟಿಗೆಗೆ ಹೇಗೆ ಬಂತು ಎಂದು ಕೇಳುತ್ತಾರೆ, ಕದ್ದು ಕೇಳಿದ್ದೆಲ್ಲ ಹೊರಬೀಳುತ್ತದೆ. ಅದಕ್ಕೇ ಗೊತ್ತಿದ್ದೂ ಎಲ್ಲರ ಜೊತೆ ಬಡಗಿಗೆ ಹೋಗಿ ಇಡೀ ರಾತ್ರಿ ಹುಡುಕಿದಂತೆ ನಟಿಸಿದ್ದ. ಆ ರಾತ್ರಿ ಪೂರ್ತಿ ತಿಲಕ ಬದುಕಿದ್ದ. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ಗಾದೆ ಹೇಳುತ್ತೇವಲ್ಲ, ನಮ್ಮದೇ ಮನೆಯ ಬೇಲಿ ಎದ್ದಾಗ ಗಾದೆ ನೆನಪಿಗೆ ಬರುವುದಿಲ್ಲ.

ಈ ವಿಷವನ್ನು ಗಂಡನಿಗೆ ಹೇಗೆ ಹೇಳುವುದು ಎಂಬ ಚಿಂತೆಯಲ್ಲೇ ಮನೆಗೆ ಬಂದಳು. ಪಾಪ, ಸಾವಿನ ಬಾಯಿಂದ ಬಂದವನು, ಕರುಣಾಕರ ಭಾವನನ್ನು ದೇವರೆಂದು ನಂಬಿಕೊಂಡಿದ್ದಾನೆ. ಯೋಗೀಶ ಚಾವಡಿಯಲ್ಲಿ ಮಲಗಿದ್ದ, ಉಪ್ಪುನೀರಿಗೆ ತುಟಿ ಒಡೆದಿತ್ತು. ಪಕ್ಕ ಕೂತು ಮೆಲ್ಲಗೆ ಎಲ್ಲ ಹೇಳಿದಳು. ಅವನು ಎದ್ದು ಕೂರಲಿಲ್ಲ, ಬೆಚ್ಚಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವಳು ಮಾತು ಮುಗಿಸಿದ ಮೇಲೆ ಗೋಡೆಯ ಕಡೆ ತಿರುಗಿದ.

"ನಿಮಗ್ ಗೊತ್ತಿತ್ತಾ?" ಎಂದಳು ಸುಪ್ರಭಾ.

"ಪೆಟ್ಟಿಗೆ ನಾನೇ ಕೊಟ್ಟದ್ದ್ ಮಾರಾಯ್ತಿ," ಎಂದ ಅವನು. "ಇಬ್ರೂ ಸೇರಿ ಮಾಡಿದ್ದ್. ಅವ ಮಾತ್ ಹಿಡ್ದ್ ಕೊಡೂದು, ನಾನ್ ಹೋಯಿ ಬಲೆ ಹಾಕೂದು. ಮೀನು ಅರ್ಧರ್ಧ."

ಅವನು ಹೇಳುತ್ತ ಹೋದ. ಬೋಟು ವಾಲಿದಾಗ ಹಸಿರು ಕಂಡದ್ದೇ ಅದು ಭಾವನ ಪೆಟ್ಟಿಗೆಗೆ ಹೋಯಿತೆಂದು ತಿಳಿದಿದ್ದನಂತೆ, ಭಾವ ಬಂದೇ ಬರುತ್ತಾನೆಂದು ಹುಡುಗರಿಗೂ ಧೈರ್ಯ ಹೇಳಿದ್ದನಂತೆ. ಅವನು ಬರಲಿಲ್ಲ. ತಿಲಕ ಜಾರುವುದನ್ನು ಕಣ್ಣಾರೆ ಕಂಡ. ಕಂಡವನೂ ದಡಕ್ಕೆ ಬಂದು ಭಾವನನ್ನು ಅಪ್ಪಿಕೊಂಡು ಅತ್ತ, ಊರಿನ ಎದುರು! ಸುಪ್ರಭಾಳಿಗೆ ಒಂದು ಋತುವಿಡೀ ಕುಡಿದ ಚಾ ನೆನಪಾಯಿತು. ಮಾತು ತಡವಾಗುವುದು ಯಾಕೆಂದು ಗೊತ್ತಿದ್ದ ಕೈಯೇ ಅದನ್ನು ಮಾಡಿ ಕೊಡುತ್ತಿತ್ತು. ಆ ಕೈಯನ್ನು ಈಗ ಅವಳಿಗೆ ನೋಡಲೂ ಆಗಲಿಲ್ಲ.

ಅಷ್ಟರಲ್ಲಿ ಕರುಣಾಕರನೂ ಬಂದ. ಪೆಟ್ಟಿಗೆ ಹೋದದ್ದು ಅವನಿಗೆ ತಿಳಿದಿತ್ತು. ಕಾಲು ಹಿಡಿಯುವುದೊಂದು ಬಾಕಿ, ಉಳಿದದ್ದೆಲ್ಲ ಮಾಡಿದ. ಸತ್ತವನು ವಾಪಸು ಬರುವುದಿಲ್ಲ, ಇದ್ದವರ ಮನೆ ಯಾಕೆ ಹಾಳುಮಾಡುತ್ತೀ ಎಂದ. ಗುಟ್ಟು ಹೊರಬಿದ್ದರೆ ಎರಡು ಮನೆಯವರಿಗೂ ಈ ಬಂದರಿನಲ್ಲಿ ಬೋಟು ಕಟ್ಟಲು ಜಾಗ ಸಿಗುವುದಿಲ್ಲ ಎಂದ. ನಿನ್ನನ್ನು ಓದಿಸಿದ್ದು ಯಾರು ಎಂದೂ ಕೇಳಿದ. ಅವಳು ಮಾಡಬೇಕಾದ್ದು ಇಷ್ಟೇ: ಸಂಜೆ ಸಂಘದ ಸಭೆಯಲ್ಲಿ ಎದ್ದು, ಪೆಟ್ಟಿಗೆಯೊಳಗೆ ಉಪ್ಪುನೀರು ಹೋಗಿತ್ತು ಎನ್ನಬೇಕು. ಪೆಟ್ಟಿಗೆ ತಾನೇ, ಹೋದರೆ ಹೋಗಲಿ. ಯೋಗೀಶ ಗೋಡೆಯ ಕಡೆಯಿಂದಲೇ "ಹೌದು, ಹಂಗೇ ಹೇಳ್" ಎಂದ.

ಇಬ್ಬರಲ್ಲಿ ಒಬ್ಬನಿಗೂ ಅವಳ ಎರಡು ವರ್ಷದ, ಅಲ್ಲ, ಇಡೀ ಆಯುಷ್ಯದ ಕೆಲಸ ನೆನಪಾಗಲಿಲ್ಲ. ನಾಳೆಯಿಂದ ಕೂಗಿದವರ ಕೂಗು ಯಾರಿಗೂ ಕೇಳದೆ ಹೋಗುತ್ತದಲ್ಲ ಎಂಬುದೂ ತೋಚಲಿಲ್ಲ. ಸುಪ್ರಭಾ ಸೀರೆ ಬದಲಿಸಿ ಸಭೆಗೆ ಹೊರಟಳು. ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಅಣ್ಣನ ಹೆಸರು ಹೇಳದೆ ಇರಲು ಸಾಧ್ಯವಿಲ್ಲ, ಪೆಟ್ಟಿಗೆ ಅವನ ಬೋಟಿನಲ್ಲೇ ಇತ್ತು. ಗಂಡನ ಹೆಸರನ್ನಾದರೂ ನುಂಗಿಕೊಳ್ಳಬಹುದು. ಅವನೂ ನೀರಿನಲ್ಲಿ ನರಳಿ ಬಂದವನು, ಅವನ ಶಿಕ್ಷೆ ಅವನಿಗೆ ಆಗಿದೆ. ಬಾಳ್ವೆ ಮಾಡಲಿಕ್ಕೆ ತನಗೂ ಒಂದು ಮನೆ ಬೇಕಲ್ಲ.

ಹರಾಜಿನ ಕಟ್ಟೆಯ ಮೇಲೆ ಕುರ್ಚಿ ಹಾಕಿದ್ದರು. ಕಿತ್ತ ಪೆಟ್ಟಿಗೆಗಳ ರಾಶಿಯ ಪಕ್ಕದಲ್ಲೇ ಕರುಣಾಕರನಿಗೆ ಶಾಲು ಹೊದೆಸಿ, ಹಾರ ಹಾಕಿ ಕೂರಿಸಿದರು. ಯೋಗೀಶನನ್ನೂ ಎರಡು ಜನ ಆತುಕೊಂಡು ತಂದು ಕೂರಿಸಿದರು. ಸಂಘದ ಅಧ್ಯಕ್ಷರು ಕಡಲಿನ ಮಗ, ಕುಲದೀಪಕ ಎಂದೆಲ್ಲ ಹೊಗಳಿ, ಯಂತ್ರಕ್ಕಿಂತ ಮನುಷ್ಯನ ಮನಸ್ಸೇ ದೊಡ್ಡದು ಎಂದು ಮುಗಿಸಿದರು. ಚಪ್ಪಾಳೆ ಬಿತ್ತು. ಆಮೇಲೆ ಲಚ್ಚಕ್ಕ ಎದ್ದಳು. ನೇರ ಸುಪ್ರಭಾಳ ಎದುರು ಬಂದು ನಿಂತಳು.

"ನಂಗ್ ನಿನ್ ಪೆಟ್ಟಿಗೆ ಎಲ್ಲ ಗೊತ್ತಾಪುದಿಲ್ಲೆ ಮಗಾ," ಎಂದಳು. "ಒಂದೇ ಹೇಳ್. ನನ್ ಮಗ ಕೂಗಿದ್ದ್ ಯಾರಿಗೂ ಕೇಣ್ಲೇ ಇಲ್ಯಾ?"

ಕರುಣಾಕರ ತಂಗಿಯನ್ನೇ ನೋಡುತ್ತಿದ್ದ.

"ಕೇಳಿತ್ತು ದೊಡ್ಡಮ್ಮ," ಎಂದಳು ಸುಪ್ರಭಾ. ದನಿ ಕಟ್ಟೆಯ ಕೊನೆಯವರೆಗೂ ಮುಟ್ಟಿತು. ಪೆಟ್ಟಿಗೆ ಕೆಟ್ಟಿರಲಿಲ್ಲ ಎಂದಳು. ಕೂಗು ಸೇರಿದ್ದು ಅಣ್ಣನ ಬೋಟಿನ ಪೆಟ್ಟಿಗೆಗೆ, ಅವನು ಅದನ್ನು ಓದಿದ್ದು ತಿಲಕ ಜಾರುವ ಹಿಂದಿನ ಮಧ್ಯಾಹ್ನ, ಆಮೇಲೆ ಬಂದು ತನ್ನ ಕೈಯ ಅನ್ನ ಉಂಡದ್ದು, ಎಲ್ಲ ಹೇಳಿದಳು. ಸುಳ್ಳು ಹೇಳಬಲ್ಲ ಪೆಟ್ಟಿಗೆ ಮಾಡಿದವಳು ತಾನೇ, ಸುಳ್ಳನ್ನು ಹಿಡಿಯುವ ಏರ್ಪಾಡು ಬೇಡವೆಂದು ಬಿಟ್ಟವಳೂ ತಾನೇ ಎಂದೂ ಹೇಳಿದಳು.

ಕರುಣಾಕರನ ಪಕ್ಕದಲ್ಲಿ ಕೂತಿದ್ದ ಅಧ್ಯಕ್ಷರು ಎದ್ದು ಬೇರೆ ಕಡೆ ಹೋಗಿ ನಿಂತರು. ಲಚ್ಚಕ್ಕ ಕರುಣಾಕರನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಸುಪ್ರಭಾಳ ಮುಖದ ಮೇಲೇ ಇತ್ತು.

"ನನ್ ಮಗ ದುಡೀತಿದ್ದದ್ದ್ ನಿನ್ ಗಂಡನ ಬೋಟಲ್ಲ್. ಹೆಗಲ್ ಮೇಲ್ ಕೈ ಹಾಕಿ ಕರ್ಕಂಡ್ ಹೋದ್ರ್," ಎಂದಳು. "ಅವರಿಗೂ ಇದೆಲ್ಲ ಗೊತ್ತಿತ್ತಾ?"

ಸುಪ್ರಭಾ ಯೋಗೀಶನತ್ತ ನೋಡಿದಳು. ಒಡೆದ ತುಟಿ ಬಿಗಿದುಕೊಂಡು ಅವನು ತಲೆಯಾಡಿಸುತ್ತಿದ್ದ. ಬೇಡ, ಬೇಡ ಎಂದು ಯಾರಿಗೂ ಕಾಣದಷ್ಟು ಮೆಲ್ಲಗೆ, ಹೆಂಡತಿಗೆ ಮಾತ್ರ ಕಾಣುವಷ್ಟು.

"ಗೊತ್ತಿತ್ತು," ಎಂದಳು.

ಲಚ್ಚಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಹೊರಡಲು ತಿರುಗಿದವಳು ಏನೋ ನೆನಪಾದಂತೆ ಮತ್ತೆ ನಿಂತಳು.

"ಹಂಗಾರೆ ನೀ ಇವತ್ತ್ ಎಲ್ಲಿಗ್ ಹೋತೆ?" ಎಂದು ಕೇಳಿದಳು.

ಅಣ್ಣನದೂ ಗಂಡನದೂ ಬಿಟ್ಟರೆ ಸುಪ್ರಭಾಳಿಗೆ ಬೇರೆ ಮನೆಯೇ ಇರಲಿಲ್ಲ.